ಎಲ್ಲದರಲ್ಲೂ ಮೂರನೇ ಸ್ಥಾನ

ಡಾಕ್ಟರ್ ಅಂಕಲ್ ಯಾರ ಕೈ ಹಿಡಿದರೂ ಎರಡು ಬೆರಳು ಮೆಲ್ಲಗೆ ಜಾರಿ ಮಣಿಕಟ್ಟಿನ ಒಳಬದಿಗೆ ಹೋಗಿ ನಿಲ್ಲುತ್ತಿದ್ದವು. ಉಗುರು ತೀರಾ ಗಿಡ್ಡಗೆ ಕತ್ತರಿಸಿದ, ತುದಿ ಚಪ್ಪಟೆಯಾದ, ಸದಾ ತಣ್ಣಗಿರುವ ಬೆರಳುಗಳು. ಎದುರಿನವರು ಯೋಗಕ್ಷೇಮ ಹೇಳುತ್ತಿರುವಾಗ ಅಂಕಲ್ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ಮಾತಿನ ಮಧ್ಯದಲ್ಲೇ ಸಂಖ್ಯೆ ಹೇಳಿಬಿಡುತ್ತಿದ್ದರು. ಹ್ಯೂಸ್ಟನ್ನಿನ ಪಕ್ಕದ ಸೈಪ್ರೆಸ್‌ನ ಕನ್ನಡದವರಿಗೆಲ್ಲ ಇದು ಅಭ್ಯಾಸವಾಗಿತ್ತು. ನನಗೆ ಮೊದಲ ಸಲ ಮೈ ಜುಮ್ಮೆಂದಿತ್ತು.

ಯುಗಾದಿಯ ಊಟ. ನಾನು ಹ್ಯೂಸ್ಟನ್ನಿಗೆ ಬಂದು ಆರು ತಿಂಗಳಾಗಿತ್ತು. ಯಾರೋ ಪರಿಚಯ ಮಾಡಿಸಿದರು, ನಾನು ನಮಸ್ಕಾರ ಮಾಡಿದೆ. ಮುಗಿದ ಕೈಯನ್ನೇ ಬಿಡಿಸಿಕೊಂಡು ಹಿಡಿದು, "ನೂರು. ಹೋಳಿಗೆ ತಿಂತಾ ಕೂತಿರೋ ಹೆಂಗಸಿಗೆ ಇದು ಜಾಸ್ತಿ ಆಯ್ತಲ್ಲಮ್ಮ. ಎಲ್ಲಿಗೆ ಓಡ್ತಿದೀಯ?" ಎಂದರು.

ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ನಾನು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಅದನ್ನು ಮನೆಗೂ ತರುತ್ತಿದ್ದೆ. ಸೋಫಾ ಇಟ್ಟ ಜಾಗ ತಪ್ಪು, ಮಗಳ ಶಾಲೆ ತಪ್ಪು, ಬಾಡಿಗೆ ಮನೆ ತಪ್ಪು. ಆಮೇಲಿನ ಹತ್ತು ವರ್ಷಗಳಲ್ಲಿ ಹ್ಯೂಸ್ಟನ್ ಬಿಟ್ಟು ಆಸ್ಟಿನ್, ಆಸ್ಟಿನ್ ಬಿಟ್ಟು ಡಲ್ಲಾಸಿನ ಮೇಲಿರುವ ಮೆಕಿನ್ನಿ ಎಂದು ಗಂಡನನ್ನೂ ಮಗಳನ್ನೂ ಎಳೆದುಕೊಂಡು ತಿರುಗಿದೆ. ರಟ್ಟಿನ ಪೆಟ್ಟಿಗೆ ಕಂಡರೆ ಸಾಕು, ಮಗಳು "ಅಮ್ಮಾ, ನಾಟ್ ಅಗೇನ್!" ಎಂದು ಕೂಗುತ್ತಿದ್ದಳು.

ಡಾಕ್ಟರ್ ಅಂಕಲ್ ಮಾತ್ರ ಮೂವತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದರು. ಮೈಸೂರಿನಲ್ಲಿ ಓದಿ, ಇಲ್ಲಿಗೆ ಬಂದು, ಆಪರೇಷನ್ನಿಗೆ ಮುಂಚೆ ಜನರಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿ ದುಡಿದು ಒಂದೆರಡು ವರ್ಷದ ಹಿಂದೆ ನಿವೃತ್ತರಾಗಿದ್ದರು. ಹಾಗೆಂದು ಸ್ಥಿಮಿತದ ಮನುಷ್ಯ ಎಂದುಕೊಳ್ಳಬೇಡಿ. ಕೂತರೆ ಮಂಡಿ ಕುಣಿಯುತ್ತಿತ್ತು. ಎದ್ದರೆ ಅಡುಗೆಮನೆಯ ಕಟ್ಟೆ ಸುತ್ತ ಪ್ರದಕ್ಷಿಣೆ. ಕರಿಬೇವಿನ ಗಿಡಕ್ಕೆ ದಿನಕ್ಕೆ ಮೂರು ಸಲ ನೀರು ಹಾಕಿ ಹಾಕಿ ಕೊಳೆಸಿದ್ದರು. ಅವರ ಹೆಂಡತಿ, ಧಾರವಾಡದ ಆಂಟಿ, ತಲೆ ಚಚ್ಚಿಕೊಂಡು, "ರಿಟೈರ್ ಆದಮ್ಯಾಲೆ ಇವರಿಗೆ ಒಂದು ಕೆಲಸ ಹುಡುಕಿ ಕೊಡ್ರೋ ಯಾರರೆ" ಅನ್ನುತ್ತಿದ್ದರು.

ಆ ಕೆಲಸವನ್ನು ಅವರೇ ಹುಡುಕಿಕೊಂಡಿದ್ದರು. ನಮ್ಮೂರಿನ ಬೇಸ್‌ಬಾಲ್ ತಂಡ ಸಾಲು ಸಾಲಾಗಿ ಸೋಲುತ್ತಿದ್ದ ವರ್ಷಗಳು ಅವು. ಅದನ್ನು ನೋಡಿ ನೋಡಿ ಬೇಸತ್ತು, ನಾವೇ ತಂಡ ಕಟ್ಟೋಣ ಎಂದು ಹ್ಯೂಸ್ಟನ್, ಆಸ್ಟಿನ್, ಡಲ್ಲಾಸಿನ ಹತ್ತು ಕನ್ನಡದವರನ್ನು ಸೇರಿಸಿ ಒಂದು ಫ್ಯಾಂಟಸಿ ಲೀಗ್ ಶುರುಮಾಡಿದ್ದರು. ಅದನ್ನು ನಡೆಸುವ ಕಮಿಷನರ್ ಅವರೇ. ಆಟ ಸರಳ. ನಿಜವಾದ ಆಟಗಾರರನ್ನು ನಾವು ಸರದಿಯ ಮೇಲೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತೇವೆ. ಅವರು ನಿಜವಾದ ಮೈದಾನದಲ್ಲಿ ಏನು ಮಾಡಿದರೂ ಅದು ನಮ್ಮ ತಂಡದ ಲೆಕ್ಕಕ್ಕೆ. ದಿನವೂ ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಲೈನಪ್ ಹಾಕಬೇಕು. ಆ ವರ್ಷದ ಸೀಸನ್ ಮುಗಿದರೆ ತಂಡವೂ ಮುಗಿಯಿತು. ಮುಂದಿನ ಮಾರ್ಚಿನಲ್ಲಿ ಎಲ್ಲರ ಕೈಯೂ ಖಾಲಿ, ಎಲ್ಲವೂ ಮೊದಲಿನಿಂದ.

ಮಾರ್ಚ್ ಎಂದರೆ ಹೆಚ್ಚುಕಡಿಮೆ ಯುಗಾದಿ. ಹಾಗಾಗಿ ಅವರ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಹಬ್ಬದ ಆಚೀಚಿನ ಭಾನುವಾರ ಹತ್ತೂ ಜನ ಸೈಪ್ರೆಸ್‌ಗೆ ಬರಬೇಕು. ಊಟದ ಮೇಜಿನ ಮೇಲೆ ಅಂಕಲ್ ತಮ್ಮ ಹೋದ ವರ್ಷದ ತಂಡದ ಹಾಳೆ ಹಾಸಿ, ಅದರ ಮೇಲೆ ಬೇವುಬೆಲ್ಲದ ತಟ್ಟೆ ಇಡುತ್ತಿದ್ದರು. ಬೆಲ್ಲ ಅಂಟಿ, ಹೆಸರುಗಳು ಒದ್ದೆಯಾಗಿ, ಮಧ್ಯಾಹ್ನದ ಹೊತ್ತಿಗೆ ಹಾಳೆ ಕಸದ ಬುಟ್ಟಿಗೆ. "ಹೋದ ವರ್ಷದ್ದು ತಟ್ಟೆ ಕೆಳಗೆ ಹೋಯ್ತು. ಇನ್ನು ಹೊಸಾದು ಬರೀರಿ," ಎಂದರೆ ಆರಿಸುವುದು ಶುರು. ನಾಲ್ಕೂವರೆಗೆ ರಾಹುಕಾಲ ಎಂದು ಆಂಟಿ ಅವಸರ ಮಾಡುತ್ತಿದ್ದರು. ಅಂಕಲ್ ದೇವರನ್ನು ಅಷ್ಟಾಗಿ ನಂಬಿದವರಲ್ಲ, ಆದರೆ ಆಂಟಿಯ ಗಡಿಯಾರವನ್ನು ಮೀರಿದವರೂ ಅಲ್ಲ.

ಆಸ್ಟಿನ್ನಿನ ಒಬ್ಬರು ಬಿಟ್ಟ ಜಾಗ ಆ ಯುಗಾದಿಯಲ್ಲೇ ನನಗೆ ಸಿಕ್ಕಿತು. ಕ್ರಿಕೆಟ್ ನೋಡಿ ಬೆಳೆದವಳು, ದೊಡ್ಡ ಹೊಡೆತವೇ ಆಟ ಎಂದುಕೊಂಡಿದ್ದೆ. ನನ್ನ ಸರದಿ ಬಂದ ಮೊದಲ ಐದು ಸಲವೂ, ಚೆಂಡನ್ನು ಮೈದಾನದಾಚೆ ಅಟ್ಟುವ ಹೋಮ್ ರನ್ ವೀರರನ್ನೇ ಆರಿಸಿದೆ. ಅಂಕಲ್ ತಮ್ಮ ಹಾಳೆಯಿಂದ ತಲೆ ಎತ್ತಿದರು.

"ಬರೀ ಹೋಳಿಗೆನೇ ಮಾಡ್ತಾ ಹೋದ್ರೆ ಊಟಕ್ಕೆ ಬಂದೋರಿಗೆ ಅನ್ನ ಯಾರು ಬಡಿಸ್ತಾರಮ್ಮ?"

"ಹೋಮ್ ರನ್ನಲ್ಲಿ ನಾನೇ ಫಸ್ಟ್ ಅಂಕಲ್, ನೋಡ್ತಾ ಇರಿ."

"ಅದರಲ್ಲಿ ಫಸ್ಟ್ ಬರ್ತೀಯ. ಮಿಕ್ಕಿದ್ದು ಒಂಬತ್ತರಲ್ಲಿ?"

ಅವರ ಹಾಳೆ ನೋಡಿದ್ದು ಆಗಲೇ. ಪೆನ್ಸಿಲ್ಲಿನಿಂದ ಎಳೆದ ಹತ್ತು ಕಾಲಮ್. ಹೊಡೆಯುವವರಿಗೆ ಐದು, ಎಸೆಯುವವರಿಗೆ ಐದು. ಹೋಮ್ ರನ್ ಅದರಲ್ಲಿ ಒಂದೇ ಒಂದು. ಬೇಸಿನಿಂದ ಬೇಸಿಗೆ ಕದ್ದು ಓಡುವುದಕ್ಕೂ ಅಷ್ಟೇ ಬೆಲೆ, ಕೊನೆಯ ಇನ್ನಿಂಗ್ಸಿನಲ್ಲಿ ಬಂದು ಗೆಲುವನ್ನು ಕಾಯುವವನಿಗೂ ಅಷ್ಟೇ ಬೆಲೆ. ಪ್ರತಿ ಕಾಲಮ್ಮಿನಲ್ಲೂ ಮೊದಲನೆಯವರಿಗೆ ಹತ್ತು, ಕೊನೆಯವರಿಗೆ ಒಂದು ಎಂದು ಹತ್ತು ತಂಡಗಳಿಗೂ ಅಂಕ, ಕೊನೆಗೆ ಹತ್ತನ್ನೂ ಕೂಡಿಸಿ ನೋಡಬೇಕು. ಅಂಕಲ್ ಒಬ್ಬನನ್ನು ಆರಿಸಿದಾಗೆಲ್ಲ ಹತ್ತು ಕಾಲಮ್ಮಿಗೂ ಪೆನ್ಸಿಲ್ ಮುಟ್ಟಿಸಿ, ಎಲ್ಲಿ ತೆಳ್ಳಗಿದೆ ಎಂದು ನೋಡಿ, ಮುಂದಿನವನನ್ನು ಆ ತೆಳ್ಳಗಿನ ಕಡೆಗೆ ಹುಡುಕುತ್ತಿದ್ದರು.

"ಎಲ್ಲದರಲ್ಲೂ ಮೂರನೇದು ಬಾ ಸಾಕು," ಎಂದರು. "ಒಟ್ಟು ಲೆಕ್ಕದಲ್ಲಿ ಯಾರೂ ನಿನ್ನ ಮುಟ್ಟಕ್ಕಾಗಲ್ಲ."

ನಾನು ನಕ್ಕೆ. ಆ ವರ್ಷ ಹೋಮ್ ರನ್ನಿನಲ್ಲಿ ಮೊದಲನೆಯವಳಾದೆ, ಒಟ್ಟಿನಲ್ಲಿ ಒಂಬತ್ತನೆಯವಳಾದೆ.

ಈ ಹತ್ತು ಕಾಲಮ್ಮಿನ ಬುದ್ಧಿ ಅವರ ಕಸುಬಿನಿಂದ ಬಂದದ್ದು. ಒಮ್ಮೆ ಹೇಳಿದ್ದರು: "ಥಿಯೇಟರಲ್ಲಿ ಸರ್ಜನ್ ಹೋಮ್ ರನ್ ಹೊಡೀತಾನೆ, ಮನೆಯವರು ಅವನ ಕಾಲಿಗೆ ಬೀಳ್ತಾರೆ. ನಾವು ತಲೆ ಹತ್ರ ಕೂತು ನಂಬರ್ ನೋಡ್ತಿರ್ತೀವಿ. ಒಂದು ಏರಿದ್ರೆ ಇನ್ನೊಂದು ಇಳಿಯುತ್ತೆ. ಇಳಿದಿದ್ದನ್ನ ಎತ್ತಬೇಕು, ಏರಿದ್ದನ್ನ ಇಳಿಸಬೇಕು. ಏನೂ ಆಗ್ಲಿಲ್ಲ ಅಂದ್ರೆ ನಾವು ಚೆನ್ನಾಗಿ ಕೆಲಸ ಮಾಡಿದೀವಿ ಅಂತ." ಇದನ್ನು ಹೇಳುವಾಗ ಅವರ ಮಂಡಿ ಕುಣಿಯುತ್ತಿರಲಿಲ್ಲ. ಹಾಳೆಯ ಮುಂದೆ ಕೂತಾಗಲೂ ಕುಣಿಯುತ್ತಿರಲಿಲ್ಲ ಎನ್ನುವುದನ್ನು ನಾನು ಆಮೇಲೆ ಗಮನಿಸಿದೆ.

ನನಗೋ ತಾಳ್ಮೆಯೇ ಇಲ್ಲ. ಆಟಗಾರನೊಬ್ಬ ನಾಲ್ಕು ದಿನ ಹೊಡೆಯದಿದ್ದರೆ ತಂಡದಿಂದ ತೆಗೆದುಹಾಕಿ ಇನ್ನೊಬ್ಬನನ್ನು ತರುತ್ತಿದ್ದೆ. ಮೀಟಿಂಗಿನಲ್ಲಿ ಮೇಜಿನ ಕೆಳಗೆ, ಸತ್ಯನಾರಾಯಣ ಪೂಜೆಯ ಮೂರನೇ ಅಧ್ಯಾಯದಲ್ಲಿ ಸೆರಗಿನ ಮರೆಯಲ್ಲಿ, ರಸ್ತೆಯ ಸಿಗ್ನಲ್ಲಿನಲ್ಲಿ, ಎಲ್ಲೆಂದರಲ್ಲಿ ಫೋನು ತೆಗೆದು ಅದಲುಬದಲು. ನಾನು ಎಸೆದವರನ್ನು ಅಂಕಲ್ ಸದ್ದಿಲ್ಲದೆ ಎತ್ತಿಕೊಳ್ಳುತ್ತಿದ್ದರು. ಹಾಗೆ ಎಸೆದ ಒಬ್ಬ ಅವರ ಮನೆ ಸೇರಿದ್ದೇ ತಡ ಬೇಸ್ ಕದಿಯುವುದರಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಆಮೇಲಿನ ವರ್ಷಗಳಲ್ಲಿ ಆರಿಸುವಾಗಲೂ ಅಂಕಲ್ ಅವನನ್ನು ಬಿಡಲಿಲ್ಲ. ಅವನಿಗೆ ಜಿಂಕೆ ಎಂದು ಹೆಸರಿಟ್ಟು, ಪ್ರತಿ ಸಲ ನನಗೆ ಫೋನು ಮಾಡಿ, "ನೀನು ಬಿಟ್ಟಿದ್ದನ್ನ ಸಾಕೋದೇ ನನ್ನ ಕೆಲಸ ಆಗಿದೆ ಕಣಮ್ಮ. ಇವತ್ತು ಜಿಂಕೆ ಮೂರು ಕದ್ದ," ಎಂದು ಹೊಟ್ಟೆ ಉರಿಸುತ್ತಿದ್ದರು. ಅವರ ಬಳಿ ಇನ್ನೊಬ್ಬನಿದ್ದ, ಕೊನೆಯಲ್ಲಿ ಬಂದು ಗೆಲುವನ್ನು ಕಾಯುವವನು. ಅವನು ವಾಚ್‌ಮನ್.

ನಾನು ಮೆಕಿನ್ನಿಗೆ ಬಂದ ಮೇಲಿನ ಎರಡನೇ ಬೇಸಿಗೆ. ಮೊದಲ ಸಲ ನನ್ನ ತಂಡ ಮೇಲಕ್ಕೆ ಬಂದಿತ್ತು, ಎರಡನೇ ಸ್ಥಾನ. ಮೊದಲನೆಯವರು ಅಂಕಲ್. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಸ್ಟೀಲ್ ಪಾತ್ರೆ ಅಂಗಡಿಯಿಂದ ಅವರು ತಂದಿಟ್ಟಿದ್ದ ಕೂಜವೇ ನಮ್ಮ ಟ್ರೋಫಿ. ಅದು ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಊರೂರು ತಿರುಗಿ ಎಲ್ಲಿಯೂ ಯಾವುದರಲ್ಲಿಯೂ ಗೆದ್ದಿರಲಿಲ್ಲ ನಾನು.

ಜುಲೈಯ ಒಂದು ಬೆಳಿಗ್ಗೆ ಅವರ ಲೈನಪ್ ನೋಡಿದೆ. ಗಾಯವಾಗಿ ಕೂತಿದ್ದ ಒಬ್ಬನನ್ನು ಆಡಿಸಿದ್ದರು. ಮರುದಿನವೂ ಅವನೇ. ಮೂರನೇ ದಿನ ಎರಡು ಜಾಗ ಖಾಲಿ. ನಾಲ್ಕನೇ ದಿನ ಆಫೀಸಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ನಿಂತು ಮತ್ತೆ ನೋಡಿದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರು ಹೀಗೆ ಬಿಟ್ಟವರಲ್ಲ. ಅಂಕಲ್‌ಗೆ ಹುಷಾರಿಲ್ಲವೇನೋ, ಫೋನು ಮಾಡಬೇಕು ಎಂದು ಮೊದಲು ಅನ್ನಿಸಿತು. ಇದೇ ಸರಿಯಾದ ಸಮಯ ಎಂದು ಆಮೇಲೆ ಅನ್ನಿಸಿತು. ಎರಡರ ನಡುವೆ ಸಿಗ್ನಲ್ ಹಸಿರಾಗುವಷ್ಟೇ ಹೊತ್ತು.

ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಅವರಿಗೆ ಒಂದು ಟ್ರೇಡ್, ಅಂದರೆ ಆಟಗಾರರ ಅದಲುಬದಲಿನ ಕೋರಿಕೆ, ಕಳಿಸಿದೆ. ನಾನು ದೊಡ್ಡಣ್ಣ ಎಂದು ಕರೆಯುತ್ತಿದ್ದ, ಹೆಸರು ದೊಡ್ಡದಾಗಿದ್ದು ಕೈ ಸೋತಿದ್ದ ಹಳೆಯ ಹೊಡೆತಗಾರನನ್ನು ಕೊಟ್ಟು, ಬದಲಿಗೆ ಜಿಂಕೆ ಮತ್ತು ವಾಚ್‌ಮನ್ ಇಬ್ಬರನ್ನೂ ಕೇಳಿದೆ. ಎಚ್ಚರವಿದ್ದ ಅಂಕಲ್ ಇದನ್ನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಲಿಫ್ಟ್ ಹತ್ತುವಷ್ಟರಲ್ಲಿ ಫೋನು ಟಿಂಗ್ ಎಂದಿತು. ಒಪ್ಪಿಗೆ!

ಆ ದಿನವಿಡೀ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಂಜೆ ಆಂಟಿಯ ಫೋನು ಬಂತು.

"ಏನವಾ, ಆರಾಮಿದ್ದೀ? ಇವರಿಗೆ ಸೋಮವಾರ ಎದಿನೋವು ಬಂದು ಬೈಪಾಸ್ ಆತು. ಈಗ ಪರವಾಗಿಲ್ಲ. ಇವರ ಫೋನ್ ನನ್ನ ಕಡೆನ ಅದ. ಮುಂಜಾನೆ ನಿನ್ನ ಹೆಸರು ಬಂತು, ಏನೋ ಕೇಳಿದ್ದಿ. ಹಸಿರು ಗುಂಡಿ ಒತ್ತೀನಿ. ಸರಿ ಆತಿಲ್ಲೋ?"

"ಆಂಟಿ, ಅದೇನು ಅಂತ ನೋಡದೇ..."

"ನನಗೇನು ತಿಳೀತದವಾ ಆ ಆಟ? ಮನಿ ಹುಡುಗಿ ಕೇಳಿದ್ದಕ್ಕ ಇಲ್ಲ ಅನ್ಲಿಕ್ಕೆ ಬರ್ತದೇನು?"

ಮರುದಿನ ರಜೆ ಹಾಕಿ ಹೊರಟೆ. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ನಾಲ್ಕು ತಾಸಿನ ನೇರ ರಸ್ತೆ, ನೋಡಲು ಏನೂ ಇಲ್ಲ. ಹಾಡು ಹಾಕಿದೆ, ಆರಿಸಿದೆ. ಕಿಟಕಿ ಇಳಿಸಿದೆ, ಏರಿಸಿದೆ. ನಿಜ ಹೇಳಬೇಕು ಎಂದು ಅರ್ಧ ದಾರಿ, ಹೇಳಿದರೆ ಅವರು ನನ್ನನ್ನು ಏನೆಂದುಕೊಂಡಾರು ಎಂದು ಇನ್ನರ್ಧ ದಾರಿ.

ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಸಣ್ಣಗೆ ಕಂಡರು. ಕೈ ಚಾಚಿದರು, ಕೊಟ್ಟೆ. ಎರಡು ಬೆರಳು ತಮ್ಮ ಜಾಗಕ್ಕೆ ಹೋದವು.

"ತೊಂಬತ್ತಾರು. ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದಿದೀಯ, ಇರುತ್ತೆ. ಕೂತ್ಕೋ."

"ಅಂಕಲ್, ಆ ಟ್ರೇಡ್ ಕ್ಯಾನ್ಸಲ್ ಮಾಡಿಬಿಡಿ. ಆಂಟಿ ಗೊತ್ತಾಗದೆ ಒತ್ತಿದಾರೆ."

"ಮಾಡಲ್ಲ."

"ನೀವೇ ಕಮಿಷನರ್ ಅಲ್ವಾ, ಒಂದು ಬಟನ್..."

"ಅದನ್ನ ನಾನು ವಾಪಸ್ ತಗೊಂಡ್ರೆ ಅವಳು ತಪ್ಪು ಮಾಡಿದ್ಲು ಅಂತಾಗುತ್ತೆ. ಅವಳು ತಪ್ಪು ಮಾಡಿಲ್ಲ. ನಿನ್ನ ಹೆಸರು ನೋಡಿ ಒತ್ತಿದಾಳೆ." ಸ್ವಲ್ಪ ಉಸಿರು ತೆಗೆದುಕೊಂಡರು. "ನಾಲ್ಕು ದಿನ ನನ್ನ ಲೈನಪ್ ಕೆಟ್ಟಿತ್ತು. ನೀನು ನೋಡಿರಲಿಲ್ವಾ?"

"ನೋಡಿದೆ ಅಂಕಲ್. ಮರೆತಿದೀರಿ ಅಂದ್ಕೊಂಡೆ."

ಸುಳ್ಳು. ಅವರ ಬೆರಳುಗಳು ಇನ್ನೂ ನನ್ನ ಮಣಿಕಟ್ಟಿನ ಮೇಲೇ ಇದ್ದವು. ನಾಡಿ ಎಗರಿದ್ದು ನನ್ನ ಕಿವಿಗೇ ಕೇಳಿಸಿತು. ಈ ಸಲ ಅವರು ಸಂಖ್ಯೆ ಹೇಳಲಿಲ್ಲ. ಮೆಲ್ಲಗೆ ಕೈ ತೆಗೆದು ಹೊದಿಕೆಯ ಮೇಲಿಟ್ಟುಕೊಂಡು, "ಊಟ ಆಯ್ತಾ?" ಎಂದು ಕೇಳಿದರು.

ಅವರು ಬೈದಿದ್ದರೆ ಅಳಬಹುದಿತ್ತು. ಊಟ ಆಯಿತೆಂದು ಅದನ್ನೂ ಸುಳ್ಳೇ ಹೇಳಿ ಮನೆಗೆ ಬಂದೆ.

ಆ ಸೀಸನ್ನಿನ ಉಳಿದ ಎರಡು ತಿಂಗಳು ನಾನು ಪಟ್ಟ ಸಂಕಟ ನನಗೇ ಗೊತ್ತು. ಅಂಕಲ್ ಮನೆಗೆ ಬಂದು, ಎದೆಗೆ ದಿಂಬು ಒತ್ತಿಕೊಂಡು ಕೂತು, ಮುರಿದ ತಂಡವನ್ನು ಮತ್ತೆ ಕಟ್ಟಿದರು. ಜಿಂಕೆ ಹೋದ ಕಡೆ ಯಾರಿಗೂ ಬೇಡವಾಗಿದ್ದ ಇಬ್ಬರು ಓಟಗಾರರನ್ನು ದಿನ ಬಿಟ್ಟು ದಿನ ಆಡಿಸಿದರು. ವಾಚ್‌ಮನ್ ಹೋದ ಕಾಲಮ್ಮನ್ನು ಕೈಬಿಟ್ಟು, ಆ ನಷ್ಟವನ್ನು ಉಳಿದ ಒಂಬತ್ತರಲ್ಲಿ ಒಂದಿಷ್ಟೊಂದಿಷ್ಟಾಗಿ ತುಂಬಿಕೊಂಡರು. ಸೆಪ್ಟೆಂಬರ್ ಮುಗಿದಾಗ ನಾನು ಒಂದೇ ಒಂದು ಅಂಕದಿಂದ ಗೆದ್ದೆ. ಅವರು ಎರಡನೆಯವರು.

ಆಯುಧಪೂಜೆಯ ಸುಮಾರಿಗೆ ಕೂಜ ಕೊಟ್ಟರು. ಅದರ ತುಂಬ ಆಂಟಿಯ ಚಕ್ಕುಲಿ. ಒಂಬತ್ತು ಜನ ಚಪ್ಪಾಳೆ ತಟ್ಟಿದರು, ಅಂಕಲ್‌ದೇ ಜೋರು. ಮನೆಗೆ ತಂದು ಬಟ್ಟೆಯ ಕಪಾಟಿನ ಮೇಲೆ, ನನ್ನ ಕಣ್ಣಿಗೆ ಬೀಳದ ಹಾಗೆ ಹಿಂದಕ್ಕೆ ತಳ್ಳಿದೆ. ಚಕ್ಕುಲಿಯನ್ನು ಮಗಳು ತಿಂದಳು.

ಮಾರ್ಚ್ ಬಂತು. ಆ ಭಾನುವಾರ ಎಲ್ಲರಿಗಿಂತ ಎರಡು ತಾಸು ಮುಂಚೆ ಸೈಪ್ರೆಸ್ ಸೇರಿದೆ. ಆಂಟಿ ಅಡುಗೆಮನೆಯಲ್ಲಿ ಬೇವು ಬಿಡಿಸುತ್ತಿದ್ದರು. ಅಂಕಲ್ ಹೋದ ವರ್ಷದ ಹಾಳೆಯನ್ನು ಮೇಜಿನ ಮೇಲೆ ಹಾಸುತ್ತಿದ್ದರು. ಅದರಲ್ಲಿ ಜಿಂಕೆ, ವಾಚ್‌ಮನ್ ಇಬ್ಬರ ಹೆಸರ ಮೇಲೂ ಪೆನ್ಸಿಲ್ ಗೆರೆ. ಅದನ್ನು ನೋಡುತ್ತಲೇ ಹೇಳಿದೆ.

"ಅಂಕಲ್, ನೀವು ಮರೆತಿರಲ್ಲ ಅಂತ ನನಗೆ ಗೊತ್ತಿತ್ತು. ಏನೋ ಆಗಿದೆ ಅಂತ ಅನ್ನಿಸ್ತು. ಅನ್ನಿಸಿದ ಮೇಲೇನೇ ಟ್ರೇಡ್ ಕಳಿಸಿದೆ. ಫೋನ್ ಮಾಡಬೇಕಿತ್ತು, ಮಾಡ್ಲಿಲ್ಲ."

ಅವರು ಬೇವುಬೆಲ್ಲದ ತಟ್ಟೆ ತರಲು ಆಂಟಿಯನ್ನು ಕೂಗಿದರು. ತಟ್ಟೆ ಬಂತು. ಸರಿಯಾಗಿ ಆ ಎರಡು ಹೆಸರುಗಳ ಮೇಲೆ ಇಟ್ಟರು.

"ತಟ್ಟೆ ಕೆಳಗೆ ಹೋಯ್ತಮ್ಮ," ಎಂದರು. ನಾನು ಅಳುತ್ತಿದ್ದೆ. ಅವರು ನನ್ನ ಕೈ ಹಿಡಿಯಲಿಲ್ಲ, ಎಣಿಸಲಿಲ್ಲ. ಒಂದು ಚಿಟಿಕೆ ಬೇವುಬೆಲ್ಲ ಅಂಗೈಗೆ ಹಾಕಿ, "ಇನ್ನು ಮೇಲೆ ಅನ್ನಿಸಿದ್ರೆ ಫೋನ್ ಮಾಡು. ಟ್ರೇಡ್ ಆಮೇಲೆ ಕಳಿಸು, ಬೇಡ ಅನ್ನಲ್ಲ," ಎಂದರು.

ಆ ವರ್ಷ ದಿನವೂ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ನಾನು ನೋಡುತ್ತಿದ್ದುದು ಅವರ ಲೈನಪ್. ಒಂದು ಜಾಗ ಖಾಲಿ ಕಂಡರೂ ಫೋನು. "ಎದ್ದಿರೋದೇ ಈಗ ಕಣಮ್ಮ, ಕಾಫಿ ಆದ್ರೂ ಕುಡಿಯಕ್ಕೆ ಬಿಡು," ಎಂದು ಬೈಸಿಕೊಳ್ಳುವುದರಲ್ಲಿ ನನಗೆ ಏನೋ ನೆಮ್ಮದಿ. ಹಾಗೆಯೇ ಮೇ ತಿಂಗಳು ಬಂತು. ಸುಮಾರು ಹತ್ತು ದಿನ ಲೈನಪ್ ಅಚ್ಚುಕಟ್ಟಾಗಿತ್ತು, ಒಂದು ಜಾಗವೂ ತಪ್ಪಿಲ್ಲ. ನಾನು ಆಗ ಮತ್ತೊಂದು ಕೆಲಸಕ್ಕೆ ಇಂಟರ್‌ವ್ಯೂ ಕೊಡುತ್ತಿದ್ದೆ, ತಲೆ ಕೆಟ್ಟಿತ್ತು. ಲೈನಪ್ ಸರಿಯಿದೆ, ಅಂಕಲ್ ಸರಿಯಿದ್ದಾರೆ. ಫೋನು ಮಾಡಲಿಲ್ಲ.

ಹನ್ನೊಂದನೇ ದಿನ, ಹಿಂದಿನ ಸಂಜೆ ಗಾಯವಾಗಿದ್ದ ಆಟಗಾರನೊಬ್ಬ ಅವರ ಲೈನಪ್ಪಿನಲ್ಲೇ ಉಳಿದಿದ್ದ. ಕೂಡಲೇ ಫೋನು ಮಾಡಿದೆ. ಎತ್ತಿದ್ದು ಆಂಟಿ. ಅಂಕಲ್‌ಗೆ ಹತ್ತು ದಿನದ ಹಿಂದೆ ಎರಡನೇ ಸಲದ ಆಪರೇಷನ್ ಆಗಿ, ಇನ್ನೂ ಎಚ್ಚರ ಪೂರ್ತಿ ಮರಳಿರಲಿಲ್ಲವಂತೆ.

ಮತ್ತೆ ಅದೇ ರಸ್ತೆ. ಐಸಿಯುನಲ್ಲಿ ಅವರ ತಲೆಯ ಬಳಿ ಪರದೆಯ ಮೇಲೆ ಅವರು ಜೀವಮಾನವಿಡೀ ನೋಡಿದ ಸಂಖ್ಯೆಗಳು ಓಡುತ್ತಿದ್ದವು. ಪಕ್ಕದಲ್ಲಿ ಕೂತು ಅವರ ಮಣಿಕಟ್ಟು ಹಿಡಿದೆ. ನಾಡಿ ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತಾಗಲಿಲ್ಲ. ಇಷ್ಟು ಸಲ ಅವರ ಕೈಯಿಂದ ಎಣಿಸಿಕೊಂಡಿದ್ದೆ, ಒಮ್ಮೆಯೂ ಕಲಿತಿರಲಿಲ್ಲ. ಎರಡು ದಿನದ ಮೇಲೆ ಅವರು ಹೋದರು.

ಹದಿಮೂರನೇ ದಿನ ಊಟವಾದ ಮೇಲೆ ಆಂಟಿ ನನ್ನನ್ನು ಪಕ್ಕಕ್ಕೆ ಕರೆದರು. "ಆಪರೇಷನ್ನಿಗೆ ಹೋಗೂಮುಂದ ಒಂದು ತಾಸು ಫೋನ್ ಹಿಡಕೊಂಡು ಕೂತಿದ್ರವಾ. ಏನ್ರೀ ಅಂದ್ರ, ಮುಂದಿನ ಎರಡು ವಾರದ್ದು ಈಗ ಹಾಕಿಡ್ತೀನಿ, ಇಲ್ಲಾಂದ್ರ ಆ ಹುಡುಗಿ ಗಾಬರಿ ಆಗಿ ಅಲ್ಲಿಂದ ಓಡಿ ಬರ್ತದ ಅಂದ್ರು."

ನಾನು ಅಲ್ಲೇ, ಚಪ್ಪಲಿಗಳ ಪಕ್ಕ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ನನ್ನ ಮೇಲೆ ಹೊರಿಸಿ ಹೋದ ಋಣ ಇಷ್ಟೇ. ಆದರೆ ಇದನ್ನು ಕೆಳಗಿಟ್ಟು ಮುಚ್ಚಲು ಯಾವ ತಟ್ಟೆಯೂ ಸಾಲುವುದಿಲ್ಲ.

ಆ ಹೊಸ ಕೆಲಸಕ್ಕೆ ನಾನು ಹೋಗಲಿಲ್ಲ. ಮೆಕಿನ್ನಿಯ ಮನೆಯಲ್ಲೇ ಇದ್ದೇನೆ, ಸೋಫಾ ಮಾತ್ರ ಆಗಾಗ ಜಾಗ ಬದಲಿಸುತ್ತದೆ. ಲೀಗ್ ಈಗ ನನ್ನ ಕೈಯಲ್ಲಿದೆ. ಕಪಾಟಿನ ಮೇಲಿದ್ದ ಕೂಜವನ್ನು ಇಳಿಸಿ ತೊಳೆದು ಮತ್ತೆ ಲೀಗಿಗೇ ಕೊಟ್ಟಿದ್ದೇನೆ. ಮಾರ್ಚಿನಲ್ಲಿ ಆಂಟಿ ಬಂದು ಬೇವುಬೆಲ್ಲ ಮಾಡುತ್ತಾರೆ. ನಾನು ಪೆನ್ಸಿಲ್ಲಿನಿಂದ ಹತ್ತು ಕಾಲಮ್ ಎಳೆಯುತ್ತೇನೆ. ಎಲ್ಲದರಲ್ಲೂ ಮೂರನೇದು ಬರುವುದು ಇನ್ನೂ ಕೈಗೆ ಹತ್ತಿಲ್ಲ, ಐದನೆಯದಕ್ಕೋ ಆರನೆಯದಕ್ಕೋ ಬಂದು ನಿಂತಿದೆ.

ಬೆಳಿಗ್ಗೆ ಎದ್ದು ಎಲ್ಲರ ಲೈನಪ್ ನೋಡುತ್ತೇನೆ. ಎಲ್ಲ ಸರಿಯಾಗಿ ತುಂಬಿಟ್ಟಿರುವವರನ್ನು ಹುಡುಕಿ ವಾರಕ್ಕೊಬ್ಬರಿಗಾದರೂ ಫೋನು ಮಾಡುತ್ತೇನೆ. ಆಸ್ಟಿನ್ನಿನ ಹುಡುಗನೊಬ್ಬನಿಗೆ ಪ್ರತಿ ಸಲವೂ ಅನುಮಾನ.

"ಏನಕ್ಕಾ, ಟ್ರೇಡಾ?"

"ಅಲ್ಲ ಕಣೋ. ಹೇಗಿದೀಯ ಅಂತ."